ದೋಣಿ ಆಮೇಲೆ ಕೊಳ್ಳುವಿಯಂತೆ

ಕ್ಲಬ್ಬಿಗೆ ಸೇರಿ ಇನ್ನೂ ಸರಿಯಾಗಿ ಒದ್ದೆಯಾಗಿಲ್ಲ, ಆಗಲೇ ಸೆಕೆಂಡ್ ಹ್ಯಾಂಡ್ ದೋಣಿಗಳ ಫೋಟೊ ಹಿಡಿದುಕೊಂಡು ಕಂಡಕಂಡವರ ಹಿಂದೆ ತಿರುಗುತ್ತಿದ್ದೀಯ. ‘ಅಜ್ಜೀ, ಇದು ಬಹಳ ಫಾಸ್ಟ್ ಅಂತೆ’ ಅಂತ ನನಗೂ ತೋರಿಸಿದೆ. ದೋಣಿ ಫಾಸ್ಟೇ ಇರಬಹುದು ಮಗು, ನೀನು? ಎರಡು ವಾರಾಂತ್ಯದ ಕೋರ್ಸು ಮುಗಿದಿದೆ. ಹಾಯಿ ಏರಿಸಲು ಬರುತ್ತದೆ, ಇಳಿಸಲು ಬರುತ್ತದೆ, ನಡುವೆ ಏನಾಗುತ್ತದೆ ಅನ್ನುವುದು ಗಾಳಿಗೆ ಬಿಟ್ಟದ್ದು. ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ದುಡ್ಡು ಸುರಿಯುವಂಥದ್ದೂ ಏನಿಲ್ಲ.

ನೀನು ಈ ದೇಶಕ್ಕೆ ಬಂದದ್ದು ಕೆಲಸಕ್ಕೆ. ವಾರವಿಡೀ ಲ್ಯಾಪ್‌ಟಾಪು, ಶನಿವಾರ ಇಂಡಿಯನ್ ಅಂಗಡಿ, ಭಾನುವಾರ ಊರಿಗೆ ವಿಡಿಯೊ ಕಾಲು. ಬೇಸರವಾಗಿ ಒಂದು ದಿನ ಜಲಾಶಯದ ಕಡೆ ನಡೆದುಕೊಂಡು ಹೋದೆ, ಬಣ್ಣಬಣ್ಣದ ಹಾಯಿ ಕಂಡವು, ಮರುಳಾದೆ. ನಾವೆಲ್ಲ ಬಂದದ್ದೂ ಹೀಗೇ. ಇಂಗ್ಲೆಂಡಿನಲ್ಲಿ ಕುಡಿಯುವ ನೀರಿಗೆ ಕಟ್ಟಿದ ಎಷ್ಟೋ ಕೆರೆಗಳ ದಡದಲ್ಲಿ ಒಂದೊಂದು ಸೇಲಿಂಗ್ ಕ್ಲಬ್ಬು. ರಟ್‌ಲೆಂಡ್ ವಾಟರ್, ಗ್ರಾಫಮ್, ಡ್ರೇಕೋಟ್ ದೊಡ್ಡವು. ನಮ್ಮದು ಸಣ್ಣದು. ಒಂದು ಶೆಡ್ಡು, ಒಂದು ಅಡುಗೆಮನೆ, ಬಿಸಿನೀರು ಬಂದರೆ ಬಂತು ಅನ್ನುವಂಥ ಶವರ್ರು. ಬಿಳಿ ಪ್ಯಾಂಟು, ಶಾಂಪೇನು ಅಂದುಕೊಂಡು ಬಂದಿದ್ದರೆ ಅದನ್ನು ಈಗಾಗಲೇ ಮರೆತಿರುತ್ತೀಯ. ಇಲ್ಲಿ ಎಲೆಕ್ಟ್ರಿಷಿಯನ್ನು, ಶಾಲೆ ಮೇಷ್ಟ್ರು, ರಿಟೈರಾದ ನರ್ಸು, ಎಲ್ಲರೂ ಒಂದೇ ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತು ವೆಟ್‌ಸೂಟಿನೊಳಗೆ ತೂರಿಕೊಳ್ಳುವವರು. ಬೆಂಗಳೂರಲ್ಲಿ ಹುಟ್ಟಿ ಬೆಳೆದ ನಿನಗೆ ಹಲಸೂರು ಕೆರೆಯಲ್ಲಿ ಸೈನಿಕರು ಹಾಯಿದೋಣಿ ಓಡಿಸುವುದು ಗೊತ್ತೇ ಇರಲಿಲ್ಲವಲ್ಲ! ಪರವಾಗಿಲ್ಲ. ಊರಲ್ಲಿರುವಾಗ ಯಾರು ತಾನೆ ಕೆರೆ ನೋಡುತ್ತಾರೆ.

ಈಗ ಆ ‘ಫಾಸ್ಟ್’ ವಿಚಾರ. ಕ್ಲಬ್ ರೇಸಿನಲ್ಲಿ ವೇಗದ ದೋಣಿ ತಂದವನಿಗೆ ವಿಶೇಷ ಲಾಭವೇನೂ ಇಲ್ಲ. ಒಂದೇ ನೀರಿನಲ್ಲಿ ಹತ್ತು ಜಾತಿಯ ದೋಣಿಗಳು ಒಟ್ಟಿಗೆ ಓಡುತ್ತವೆ, ಆದ್ದರಿಂದ ಒಂದೊಂದು ಜಾತಿಗೂ ಒಂದು ಅಂಕಿ. ಅದಕ್ಕೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅನ್ನುತ್ತಾರೆ. ನಿಧಾನದ ದೋಣಿಗೆ ದೊಡ್ಡ ಅಂಕಿ, ಚುರುಕಿನದಕ್ಕೆ ಸಣ್ಣದು. ನೀನು ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸುತ್ತಾರೆ. ಲೇಸರ್‌ಗೆ 1100ರ ಆಸುಪಾಸು, ಮಿರರ್‌ಗೆ 1390ರ ಆಸುಪಾಸು ಅಂತ ಇಟ್ಟುಕೋ. ನೀನು ಲೇಸರ್‌ನಲ್ಲಿ 50 ನಿಮಿಷಕ್ಕೆ ಮುಗಿಸಿ ಕೈ ಬೀಸುತ್ತಾ ದಡಕ್ಕೆ ಬಂದೆ. ಲೆಕ್ಕದಲ್ಲಿ ಅದು ನಲವತ್ತೈದೂವರೆ ನಿಮಿಷ. ಹತ್ತು ನಿಮಿಷ ತಡವಾಗಿ, ಕೆಂಪು ಹಾಯಿಯ ಮಿರರ್‌ನಲ್ಲಿ ಒಬ್ಬ ತಾತ, ಅವನ ಮೊಮ್ಮಗಳು ಹರಟೆ ಹೊಡೆಯುತ್ತಾ ಬರುತ್ತಾರೆ. ಅವರದು ಲೆಕ್ಕದಲ್ಲಿ 43 ನಿಮಿಷ ಚಿಲ್ಲರೆ. ಗೆದ್ದದ್ದು ಅವರು. ಬೋರ್ಡಿನ ಮುಂದೆ ನಿಂತು ‘ಇದೆಂಥ ನ್ಯಾಯ’ ಅಂತ ಗೊಣಗುವ ಹೊಸಬರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ಈ ವರ್ಷದವರು ನೀನಾಗಬೇಡ.

ಹಳೆಯ ದೋಣಿಗಳನ್ನು ಕಂಡು ಮೂಗು ಮುರಿಯುತ್ತೀಯಲ್ಲ, ಅವುಗಳ ಕತೆ ಒಂದಿಷ್ಟು ಕೇಳು. ಮಿರರ್ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ. ಟಿವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್‌ನೆಲ್ ಅನ್ನುವವರು, ದೋಣಿ ಶಿಲ್ಪಿ ಜ್ಯಾಕ್ ಹೋಲ್ಟ್ ಸೇರಿ ಮಾಡಿದ್ದು. ಡೈಲಿ ಮಿರರ್ ಪತ್ರಿಕೆ ಬೆನ್ನಿಗೆ ನಿಂತದ್ದರಿಂದ ಆ ಹೆಸರು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ, ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳಬಹುದಿತ್ತು. ದುಡ್ಡಿದ್ದವರ ಆಟವಾಗಿದ್ದದ್ದು ಗುಮಾಸ್ತರ, ಕಾರ್ಖಾನೆ ಕೆಲಸಗಾರರ ಮನೆಗೂ ಬಂದದ್ದು ಇಂಥ ದೋಣಿಗಳಿಂದ. ನೀಲಿ ಹಾಯಿಯ ಎಂಟರ್‌ಪ್ರೈಸ್ ಕೂಡ ಹೋಲ್ಟ್ ಅವರದೇ, 1956ರದು. ಅದರ ಹಿಂದೆಯೂ ಒಂದು ಪತ್ರಿಕೆ, ನ್ಯೂಸ್ ಕ್ರಾನಿಕಲ್. ಪತ್ರಿಕೆ ಮುಚ್ಚಿಹೋಯಿತು, ದೋಣಿ ಇನ್ನೂ ತೇಲುತ್ತಿದೆ. ನಮ್ಮವರಿಗೂ ಈ ನೀಲಿ ಹಾಯಿ ಹೊಸದಲ್ಲ. 1982ರ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ಸ್ಪರ್ಧೆ ಮುಂಬೈಯಲ್ಲಿ ನಡೆದಾಗ ಎಂಟರ್‌ಪ್ರೈಸ್‌ಗೂ ಅಲ್ಲಿ ಪದಕದ ರೇಸ್ ಇತ್ತು. ಇನ್ನು ಮೇಲೆ ಅದನ್ನು ಮುದುಕರ ದೋಣಿ ಅನ್ನುವಾಗ ಸ್ವಲ್ಪ ದನಿ ತಗ್ಗಿಸು.

ಹಾಗಾದರೆ ಏನು ಮಾಡಲಿ ಅಂತೀಯ? ಒಂದು ವರ್ಷ ದೋಣಿ ಕೊಳ್ಳಬೇಡ. ಬೇರೆಯವರ ದೋಣಿಯಲ್ಲಿ ಕ್ರೂ ಆಗಿ ಕೂತುಕೋ. ಮುಂದಿನ ಸಣ್ಣ ಹಾಯಿ ಜಿಬ್, ಅದರ ಹಗ್ಗ ನಿನ್ನ ಕೈಯಲ್ಲಿ. ಸೆಂಟರ್‌ಬೋರ್ಡ್ ಏರಿಸುವುದು, ಇಳಿಸುವುದು ನಿನ್ನ ಕೆಲಸ. ದೋಣಿ ವಾಲಿದರೆ ಹೊರಕ್ಕೆ ಬಾಗಿ ಸಮ ಮಾಡುವುದು ನಿನ್ನ ಹೊಟ್ಟೆಯ ಸ್ನಾಯುಗಳ ಕೆಲಸ, ಸೋಮವಾರ ಆಫೀಸಿನಲ್ಲಿ ಅವು ತಾವಾಗಿಯೇ ಜ್ಞಾಪಿಸುತ್ತವೆ. ಹಾಯಿಯ ಅಡಿಯಿಂದ ಆಚೆ ಇಣುಕಿ ಯಾರು ಬರುತ್ತಿದ್ದಾರೆ ಅಂತ ಹೇಳುವುದೂ ನೀನೇ. ಚುಕ್ಕಾಣಿ ಹಿಡಿದವನಿಗೆ ಅರ್ಧ ಕೆರೆ ಮಾತ್ರ ಕಾಣುತ್ತದೆ, ಕ್ರೂಗೆ ಇಡೀ ಕೆರೆ ಕಾಣುತ್ತದೆ. ಗಾಳಿ ಎಲ್ಲಿ ನೀರನ್ನು ಕಪ್ಪು ಮಾಡುತ್ತಿದೆ, ಆ ಗಿಡಗಳ ಸಾಲಿನ ಹಿಂದೆ ಅದು ಹೇಗೆ ಸತ್ತುಹೋಗುತ್ತದೆ, ಅಣೆಕಟ್ಟಿನ ಕಡೆ ಯಾವಾಗ ತಿರುಗುತ್ತದೆ, ಇದೆಲ್ಲ ಪುಸ್ತಕದಿಂದ ಬರುವುದಲ್ಲ. ನಮ್ಮ ಕೆರೆಯ ಗಾಳಿ ನಮ್ಮ ಕೆರೆಯ ಹಳಬರಿಗೆ ಗೊತ್ತು. ಅವರ ಪಕ್ಕದಲ್ಲಿ ಕೂತವರಿಗೆ ಅದು ಪುಕ್ಕಟೆ.

ಕ್ರೂ ಬೇಕಾದವರು ಯಾರು ಅಂತ ಕೇಳಿಕೊಂಡು ಓಡಾಡುವುದೂ ಬೇಡ. ರೇಸಿಗೆ ಒಂದು ಗಂಟೆ ಮುಂಚೆ ವೆಟ್‌ಸೂಟು, ಬಯೊಯೆನ್ಸಿ ಜಾಕೆಟ್ಟು ಹಾಕಿಕೊಂಡು ಸ್ಲಿಪ್‌ವೇ ಹತ್ತಿರ ನಿಂತುಕೋ. ಸುಮ್ಮನೆ ಮಾತ್ರ ನಿಲ್ಲಬೇಡ. ಯಾರದೋ ದೋಣಿ ನೀರಿಗಿಳಿಯುತ್ತಿದ್ದರೆ ಅವರ ಟ್ರಾಲಿ ಮೇಲಕ್ಕೆ ಎಳೆದು ಪಕ್ಕಕ್ಕಿಡು. ನಡುದಾರಿಯಲ್ಲಿ ಟ್ರಾಲಿ ಬಿಟ್ಟು ಹೋಗುವವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಅವರೊಬ್ಬರಿಗೇ ಅದು ಗೊತ್ತಿರುವುದಿಲ್ಲ. ದೋಣಿಯ ಹಿಂಬದಿಯ ಬಿರಡೆ ಹಾಕಿದೆಯಾ ಅಂತ ನೋಡು. ಕೇಳಿದರೆ ಹಳಬರು ‘ಗೊತ್ತು ಬಿಡು’ ಅನ್ನುತ್ತಾರೆ, ಆಮೇಲೆ ಮೆಲ್ಲಗೆ ಬಗ್ಗಿ ನೋಡುತ್ತಾರೆ.

ದೋಣಿಯೊಳಗೆ ಕೂಗಾಟದ ವಿಚಾರಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ನೀನು ಆರು ಅಡಿ ದೂರದಲ್ಲಿರುವ ಕ್ರೂಗೆ ಬೈದದ್ದು ದಡದಲ್ಲಿ ಟೀ ಕುಡಿಯುತ್ತಿರುವವರಿಗೆ ಅಕ್ಷರ ಬಿಡದೆ ಕೇಳಿಸುತ್ತದೆ. ಗಂಡ ಹೆಂಡತಿ ಒಟ್ಟಿಗೆ ದೋಣಿ ಹತ್ತಿದ ದಿನವಂತೂ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರುವವರಿದ್ದಾರೆ. ವಾರವಿಡೀ ಆಫೀಸಿನಲ್ಲಿ ಮೆತ್ತಗೆ ಮಾತಾಡುವ ಮನುಷ್ಯ, ಕೈಗೆ ಚುಕ್ಕಾಣಿ ಬಂದ ಕೂಡಲೇ ಪಾಳೆಯಗಾರನಾಗುತ್ತಾನೆ. ‘ಎಳಿ! ಎಳಿ ಅಂದ್ನಲ್ಲ! ಅದಲ್ಲ, ಆ ಕಡೆದು!’ ಯಾವ ಕಡೆದು ಅಂತ ಮೊದಲೇ ಹೇಳಿದ್ದರೆ ಕೂಗುವ ಕೆಲಸವೇ ಇರಲಿಲ್ಲ. ತಿರುಗಿಸುವ ಮುಂಚೆ ‘ರೆಡಿನಾ’ ಅಂತ ಕೇಳು, ‘ಹೂಂ’ ಅಂದ ಮೇಲೆ ತಿರುಗಿಸು. ಅಷ್ಟೇ. ದೋಣಿ ಮಗುಚಿದರೆ ತಪ್ಪು ಚುಕ್ಕಾಣಿ ಹಿಡಿದವರದು ಅಂತ ಒಪ್ಪಿಕೊಳ್ಳುವ ಜನ ಇದ್ದಾರೆ ನೋಡು, ಅವರಿಗೆ ಯಾವತ್ತೂ ಕ್ರೂ ಕೊರತೆಯಾಗುವುದಿಲ್ಲ. ಕೂಗುವವರು ನಾಲ್ಕನೇ ಭಾನುವಾರಕ್ಕೆ ಒಂಟಿ ದೋಣಿ ಕೊಳ್ಳುತ್ತಾರೆ. ಲೇಸರ್‌ನಂಥ ಒಬ್ಬರೇ ಓಡಿಸುವ ದೋಣಿಗಳು ಇಷ್ಟು ಖರ್ಚಾಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ನಿಯಮಗಳು ಪುಸ್ತಕದಲ್ಲಿ ಬಹಳ ಇವೆ, ನಾಲ್ಕು ವರ್ಷಕ್ಕೊಮ್ಮೆ ಹೊಸ ಮುದ್ರಣವೂ ಬರುತ್ತದೆ. ಈಗಿರುವುದು 2025ರಿಂದ 2028ರವರೆಗಿನದು. ಆದರೆ ಮೂರು ತಿಳಿದುಕೊಂಡರೆ ಮೊದಲ ವರ್ಷ ಕಳೆಯುತ್ತದೆ. ಗಾಳಿ ದೋಣಿಯ ಬಲಗಡೆಯಿಂದ ಬರುತ್ತಿದ್ದರೆ ಅದು ಸ್ಟಾರ್‌ಬೋರ್ಡ್, ಅದಕ್ಕೆ ದಾರಿ ಹಕ್ಕು. ಎಡಗಡೆಯಿಂದ ಗಾಳಿ ಪಡೆದವರು ತಪ್ಪಿಸಿಕೊಳ್ಳಬೇಕು. ಇಬ್ಬರಿಗೂ ಒಂದೇ ಕಡೆಯ ಗಾಳಿಯಾಗಿ, ದೋಣಿಗಳು ಅಕ್ಕಪಕ್ಕದಲ್ಲಿದ್ದರೆ, ಗಾಳಿ ಮೊದಲು ತಾಗುವ ದೋಣಿ ಸರಿಯಬೇಕು. ತಿರುವಿನ ಮಾರ್ಕ್ ಹತ್ತಿರ ಮೂರು ದೋಣಿ ಉದ್ದದ ಒಳಗೆ ಬಂದಾಗ ಒಳಬದಿಯವರಿಗೆ ಜಾಗ ಕೊಡಬೇಕು. ಕೊನೆಯದಕ್ಕೆ ನೂರೆಂಟು ಒಳಸುಳಿಗಳಿವೆ, ಬಾರಿನಲ್ಲಿ ಚರ್ಚೆ ನಡೆಯುವುದು ಅದರ ಮೇಲೇ.

ತಪ್ಪು ಮಾಡುತ್ತೀಯ. ಮಾಡಿದಾಗ ಏನು ಮಾಡುತ್ತೀಯ ಅನ್ನುವುದರ ಮೇಲೆ ಜನ ನಿನ್ನನ್ನು ಅಳೆಯುತ್ತಾರೆ. ಇನ್ನೊಬ್ಬರ ದಾರಿಗೆ ಅಡ್ಡ ಬಂದೆಯಾ, ಪಕ್ಕಕ್ಕೆ ಸರಿದು ಎರಡು ಸುತ್ತು ಹೊಡೆದುಬಿಡು. ಮಾರ್ಕ್ ಮುಟ್ಟಿದೆಯಾ, ಒಂದು ಸುತ್ತು. ಯಾರೂ ನೋಡಲಿಲ್ಲ ಅಂದುಕೊಂಡರೂ ಹೊಡೆ. ನಮ್ಮ ಆಟದಲ್ಲಿ ಮೈದಾನದ ಮಧ್ಯೆ ಅಂಪೈರ್ ನಿಂತಿರುವುದಿಲ್ಲ. ಸುತ್ತು ಹೊಡೆಯುವುದರಲ್ಲಿ ಅರ್ಧ ನಿಮಿಷ ಹೋಗಬಹುದು, ಒಂದೆರಡು ಸ್ಥಾನ ಹೋಗಬಹುದು. ಅದೇ ನೀನು ವಾದಕ್ಕೆ ನಿಂತರೆ ಎದುರಿನವರು ‘ಪ್ರೊಟೆಸ್ಟ್’ ಅಂತ ಕೂಗುತ್ತಾರೆ, ಸಂಜೆ ಒಂದು ಕೋಣೆಯಲ್ಲಿ ಮೂರು ಜನ ಕೂತು ವಿಚಾರಣೆ ಮಾಡುತ್ತಾರೆ, ನಿನ್ನ ಟೀ ಆರುತ್ತದೆ, ರೇಸೂ ಹೋಗುತ್ತದೆ. ಬುದ್ಧಿವಂತ ಹುಡುಗರು ಹೆಚ್ಚಾಗಿ ಎಡವುವುದು ಇಲ್ಲೇ. ಅವರಿಗೆ ನಿಯಮ ಬಾಯಿಪಾಠ, ಆದ್ದರಿಂದ ಯಾವುದನ್ನೂ ಬಿಟ್ಟುಕೊಡಲು ಮನಸ್ಸಿಲ್ಲ. ಹತ್ತು ವರ್ಷದ ಮಗು ಆಪ್ಟಿಮಿಸ್ಟ್ ದೋಣಿಯಲ್ಲಿ ತಡಬಡಾಯಿಸುತ್ತಾ ಎದುರಿಗೆ ಬಂದಾಗ ‘ಸ್ಟಾರ್‌ಬೋರ್ಡ್’ ಅಂತ ಅರಚುವ ದೊಡ್ಡವರನ್ನು ಕಂಡಿದ್ದೇನೆ. ಹಕ್ಕು ಅವರದೇ, ನಿಜ. ದಡಕ್ಕೆ ಬಂದ ಮೇಲೆ ಅವರ ಪಕ್ಕದ ಕುರ್ಚಿ ಖಾಲಿ.

ಇನ್ನು ಡ್ಯೂಟಿ. ಕ್ಲಬ್ಬಿನಲ್ಲಿ ಸಂಬಳದವರು ಯಾರೂ ಇಲ್ಲ. ಒಂದು ಭಾನುವಾರ ನೀನು ರೇಸ್ ಆಫೀಸರ್ ಜೊತೆ ಬಾವುಟ ಏರಿಸಬೇಕು: ರೇಸ್ ಶುರುವಾಗಲು ಐದು ನಿಮಿಷವಿದ್ದಾಗ ಒಂದು, ನಾಲ್ಕಕ್ಕೆ ನೀಲಿ ನಡುವೆ ಬಿಳಿ ಚೌಕದ್ದು, ಒಂದು ನಿಮಿಷಕ್ಕೆ ಅದು ಕೆಳಕ್ಕೆ, ಸೊನ್ನೆಗೆ ಹಾರ್ನು. ಈ ಕೆಲಸ ತಪ್ಪಿಸಿಕೊಳ್ಳಬೇಡ. ಶುರುವಿನ ಗೆರೆಯನ್ನು ದಡದಿಂದ ನೋಡಿದವರಿಗೆ ಗೊತ್ತಾಗುತ್ತದೆ, ಆ ಐದು ನಿಮಿಷದಲ್ಲಿ ಯಾರು ಗೆರೆಯ ಯಾವ ತುದಿಗೆ ಯಾಕೆ ಹೋಗಿ ನಿಂತರು ಅಂತ. ಹತ್ತು ರೇಸಿನಲ್ಲಿ ಕಲಿಯದ್ದು ಒಂದು ಡ್ಯೂಟಿಯಲ್ಲಿ ಕಲಿಯುತ್ತೀಯ. ಗೆರೆ ಬೇಗ ದಾಟಿದವರ ನಂಬರ್ ಹೇಳುವಾಗ ಅವರು ನಿನ್ನ ಸ್ನೇಹಿತರಾದರೂ ಸರಿ, ಕ್ಲಬ್ಬಿನ ಮುಖ್ಯಸ್ಥರಾದ ಕಮೋಡೋರ್ ಆದರೂ ಸರಿ, ಹೇಳಿಬಿಡಬೇಕು.

ಇನ್ನೊಂದು ಭಾನುವಾರ ರೆಸ್ಕ್ಯೂ ಬೋಟು. ಮೋಟಾರು ಬೋಟಿನಲ್ಲಿ ಕಿಲ್ ಕಾರ್ಡ್ ಅಂತ ಒಂದು ಕೆಂಪು ಸುರುಳಿ ಹಗ್ಗ ಇರುತ್ತದೆ, ಓಡಿಸುವವರ ಕಾಲಿಗೆ ಕಟ್ಟಿರಬೇಕು, ಅವರು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಇದರಲ್ಲಿ ತಮಾಷೆ ಬೇಡ. 2013ರ ಮೇ ತಿಂಗಳಲ್ಲಿ ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಹತ್ತಿರ ಆ ಹಗ್ಗ ಕಟ್ಟಿಕೊಳ್ಳದ ಒಂದು ಬೋಟಿನಿಂದ ಇಡೀ ಕುಟುಂಬ ನೀರಿಗೆ ಎಸೆಯಲ್ಪಟ್ಟಿತು. ಚಾಲಕನಿಲ್ಲದ ಬೋಟು ಸುತ್ತಿ ಬಂದು ಇಬ್ಬರ ಜೀವ ತೆಗೆಯಿತು. ಎರಡು ನಿಮಿಷದ ಕೆಲಸ ಅಂದುಕೊಂಡು ಹೊರಟಾಗಲೂ ಕಟ್ಟು.

ಈಜು ಬರುತ್ತದೆ ಅಂತ ಎದೆ ತಟ್ಟಿಕೊಳ್ಳುತ್ತೀಯಲ್ಲ, ಆ ಈಜು ಕಲಿತದ್ದು ಬಿಸಿಲೂರಿನ ಬಾವಿಯಲ್ಲಿ, ಇಲ್ಲವೇ ಅಪಾರ್ಟ್‌ಮೆಂಟಿನ ಕೊಳದಲ್ಲಿ. ಇಲ್ಲಿ ಮಾರ್ಚ್ ತಿಂಗಳ ನೀರಿಗೆ ಬಿದ್ದರೆ ಉಸಿರೇ ಸಿಕ್ಕಿಹಾಕಿಕೊಳ್ಳುತ್ತದೆ. ಕೈಕಾಲು ಬಡಿಯಬೇಡ. ಆ ಮೊದಲ ಆಘಾತ ಒಂದು, ಒಂದೂವರೆ ನಿಮಿಷದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ದೋಣಿ ಹಿಡಿದು ತೇಲುತ್ತಿರು, ಉಸಿರು ಹದಕ್ಕೆ ಬರಲಿ. ಬಯೊಯೆನ್ಸಿ ಜಾಕೆಟ್ಟು ಅಂದರೆ ನಮ್ಮ ಕಾಲದಲ್ಲಿ ಬೆನ್ನಿಗೆ ಕಟ್ಟುತ್ತಿದ್ದ ಸೋರೆ ಬುರುಡೆ ಇದ್ದ ಹಾಗೆ, ಆದರೆ ಇದನ್ನು ಕಲಿತ ಮೇಲೂ ಬಿಚ್ಚುವಂತಿಲ್ಲ. ಉಸಿರು ಬಂದ ಮೇಲೆ ದೋಣಿಯ ಹಿಂಬದಿಯಿಂದ ಸುತ್ತಿ ಹೋಗಿ ಸೆಂಟರ್‌ಬೋರ್ಡಿನ ಮೇಲೆ ಭಾರ ಹಾಕು, ಅದು ಎದ್ದು ಬರುತ್ತದೆ. ಏನೇ ಆಗಲಿ, ದೋಣಿ ಬಿಟ್ಟು ದಡಕ್ಕೆ ಈಜಲು ಹೊರಡಬೇಡ. ರೆಸ್ಕ್ಯೂ ಬೋಟಿಗೆ ಮಗುಚಿದ ದೋಣಿ ಕಾಣುತ್ತದೆ, ನಿನ್ನ ತಲೆ ಕಾಣುವುದಿಲ್ಲ.

ಬೇರೆಯವರು ಕಷ್ಟದಲ್ಲಿದ್ದರೆ? ನಿಯಮ ಪುಸ್ತಕ ಶುರುವಾಗುವುದೇ ಅಲ್ಲಿಂದ: ಅಪಾಯದಲ್ಲಿರುವವರಿಗೆ ಕೈಲಾದ ಸಹಾಯ ಮಾಡಲೇಬೇಕು. 1988ರ ಸಿಯೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ಪೂಸಾನ್‌ನಲ್ಲಿ ನಡೆಯಿತು. ಕೆನಡಾದ ಲಾರೆನ್ಸ್ ಲೆಮ್ಯೂ ಫಿನ್ ಅನ್ನುವ ಒಂಟಿ ದೋಣಿಯಲ್ಲಿ ಎರಡನೆಯವನಾಗಿ ಓಡುತ್ತಿದ್ದ. ಭಾರಿ ಗಾಳಿ. ಪಕ್ಕದ ರೇಸಿನ ಸಿಂಗಪುರದ ಇಬ್ಬರು ಮಗುಚಿ, ಅಲೆಗೆ ಸಿಕ್ಕಿಕೊಂಡದ್ದು ಕಂಡಿತು. ತನ್ನ ರೇಸ್ ಬಿಟ್ಟು ಹೋಗಿ ಅವರನ್ನು ಎತ್ತಿಕೊಂಡ, ಬೋಟು ಬರುವವರೆಗೆ ಕಾದ, ಆಮೇಲೆ ರೇಸ್ ಮುಂದುವರಿಸಿ ಎಲ್ಲೋ ಹಿಂದೆ ಮುಗಿಸಿದ. ತೀರ್ಪುಗಾರರು ಆ ರೇಸಿನಲ್ಲಿ ಅವನಿಗೆ ಎರಡನೇ ಸ್ಥಾನವನ್ನೇ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಪದಕ ಬರಲಿಲ್ಲ. ಒಲಿಂಪಿಕ್ ಸಮಿತಿ ಕೂಬರ್ತಾಂ ಹೆಸರಿನ ಪದಕ ಕೊಟ್ಟು ಗೌರವಿಸಿತು. ನಮ್ಮ ಕೆರೆಯಲ್ಲಿ ಒಲಿಂಪಿಕ್ ಪದಕದ ಆಸೆಯೂ ಇಲ್ಲ. ಹಾಗಿರುವಾಗ ಚಳಿಯಲ್ಲಿ ನಡುಗುತ್ತಿರುವವರ ಪಕ್ಕದಿಂದ ಹಾದುಹೋಗುತ್ತಾ ‘ಓಕೇನಾ’ ಅಂತ ಕೂಡ ಕೇಳದವರಿಗೆ ಏನನ್ನಬೇಕು ಹೇಳು.

ರೇಸ್ ಮುಗಿದ ಮೇಲೆ ಕಾರು ಹತ್ತಿ ಓಡಬೇಡ. ನೀನು ಹಾಗೆ ಮಾಡುತ್ತೀಯ, ನೋಡಿದ್ದೇನೆ. ಅಡುಗೆಮನೆಯಲ್ಲಿ ಬೇಕನ್ ರೋಲ್ ಮಾತ್ರ ಇದೆ ಅಂತ ನಿನ್ನ ನೆಪ. ಮೊಟ್ಟೆ ತಿನ್ನುವುದಾದರೆ ಮೊಟ್ಟೆ ರೋಲ್ ಕೇಳು, ಇಲ್ಲದಿದ್ದರೆ ಚೀಸ್ ಟೋಸ್ಟ್. ಒಮ್ಮೆ ಡಬ್ಬಿಯಲ್ಲಿ ಚಿತ್ರಾನ್ನ ತಂದು ಮೇಜಿನ ಮೇಲಿಡು, ಐದು ನಿಮಿಷ ಉಳಿಯುವುದಿಲ್ಲ. ಕುಡಿಯುವುದಿಲ್ಲವಾದರೆ ಜ್ಯೂಸು ಹಿಡಿದುಕೊಂಡು ಕೂತುಕೋ, ಯಾರೂ ಕೇಳುವುದಿಲ್ಲ. ಆದರೆ ನಿನ್ನನ್ನು ಕರೆದುಕೊಂಡು ಹೋದವರಿಗೆ ಒಂದು ಗ್ಲಾಸು ನೀನು ಕೊಡಿಸಬೇಕು. ಮರೆತರೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಅಷ್ಟರಮಟ್ಟಿಗೆ ಇವರು ಇಂಗ್ಲಿಷರೇ. ಅಲ್ಲಿ ಉಪ್ಪಿನ ಡಬ್ಬಿ ಒಂದು ದೋಣಿ, ಮೆಣಸಿನ ಡಬ್ಬಿ ಇನ್ನೊಂದು, ಸಾಸ್ ಬಾಟಲಿ ಮಾರ್ಕ್ ಆಗಿ, ಮಧ್ಯಾಹ್ನದ ರೇಸ್ ಮತ್ತೊಮ್ಮೆ ಮೇಜಿನ ಮೇಲೆ ನಡೆಯುತ್ತದೆ. ಗೆದ್ದವರನ್ನು ‘ಆ ಮೂರನೇ ಸುತ್ತಿನಲ್ಲಿ ಬಲಕ್ಕೆ ಯಾಕೆ ಹೋದಿರಿ’ ಅಂತ ಕೇಳು. ಗೆದ್ದವರಷ್ಟು ಉದಾರಿಗಳು ಇನ್ನೊಬ್ಬರಿಲ್ಲ, ಗುಟ್ಟೆಲ್ಲ ಹೇಳುತ್ತಾರೆ. ಸೋತವರನ್ನು ಅರ್ಧ ಗಂಟೆ ಬಿಟ್ಟು ಮಾತಾಡಿಸು. ನಿನ್ನ ಕಪ್ಪು ನೀನೇ ತೊಳೆ.

ವರ್ಷಾಂತ್ಯದ ಸಭೆಗೂ ಬಾ, ಆದರೆ ಹಿಂದಿನ ಸಾಲಿನಲ್ಲಿ ಕೂತುಕೋ. ಮುಂದೆ ಕೂತು ಒಂದು ಸಲಹೆ ಕೊಟ್ಟರೆ ‘ಒಳ್ಳೆ ಯೋಚನೆ, ನೀವೇ ಮಾಡಿ’ ಅಂತ ಸೆಕ್ರೆಟರಿ ಮಾಡಿಬಿಡುತ್ತಾರೆ. ಕ್ರಿಸ್‌ಮಸ್ ಮರುದಿನದ ಪರ್ಸ್ಯೂಟ್ ರೇಸ್ ಮಾತ್ರ ತಪ್ಪಿಸಬೇಡ. ಅದರಲ್ಲಿ ಲೆಕ್ಕ ತಿರುಗುಮುರುಗು: ನಿಧಾನದ ದೋಣಿ ಮೊದಲು ಹೊರಡುತ್ತದೆ. ಒಂದು ಗಂಟೆಯ ರೇಸಾದರೆ ಮಿರರ್ ಹೊರಟು ಹನ್ನೆರಡೂವರೆ ನಿಮಿಷವಾದ ಮೇಲೆ ಲೇಸರ್‌ಗೆ ಹಾರ್ನು. ಗಂಟೆ ಮುಗಿದಾಗ ಯಾರು ಮುಂದಿದ್ದಾರೋ ಅವರೇ ಗೆದ್ದವರು, ಗುಣಾಕಾರ ಭಾಗಾಕಾರ ಏನಿಲ್ಲ. ಮಕ್ಕಳು ಕಿರಿಚುತ್ತಾ ಮುಂದೆ, ದೊಡ್ಡವರು ಹಲ್ಲು ಕಚ್ಚಿಕೊಂಡು ಹಿಂದೆ.

ಇಷ್ಟು ಹೊತ್ತು ಹೇಳಿದ್ದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚುಮರೆ ಯಾಕೆ. ನನ್ನ ಎಂಟರ್‌ಪ್ರೈಸ್‌ಗೆ ಕ್ರೂ ಇಲ್ಲ. ಇದ್ದವಳಿಗೆ ಮಂಡಿ ಆಪರೇಷನ್ನು. ಚುಕ್ಕಾಣಿ ನನ್ನದು, ಜಿಬ್ ನಿನ್ನದು. ಭಾನುವಾರ ಒಂಬತ್ತೂವರೆಗೆ ಬಾ, ಹತ್ತಕ್ಕಲ್ಲ. ಒಣ ಕಾಲುಚೀಲ ಎರಡು ಜೊತೆ ತಾ. ಮುಂದಿನ ತಿಂಗಳ ಅಡುಗೆಮನೆ ಡ್ಯೂಟಿಯ ಪಟ್ಟಿಯಲ್ಲಿ ನಿನ್ನ ಹೆಸರು ಬರೆದಾಗಿದೆ, ಆಮೇಲೆ ಗೊಣಗಬೇಡ.